ತಪಸ್ಸುಕಾಲದಲ್ಲಿ ದ್ರಾಕ್ಷಿ ಸುಗ್ಗಿ

ಅರಕೇರಿ, ತಿಕೋಟಾ ಕಡೆ ದ್ರಾಕ್ಷಿ ಸುಗ್ಗಿಯೂ ಕ್ರೈಸ್ತರ ತಪಸ್ಸುಕಾಲವೂ ಹೆಚ್ಚುಕಡಿಮೆ ಕೂಡಿಯೇ ಬರುತ್ತವೆ. ಫೆಬ್ರುವರಿ-ಮಾರ್ಚ್ ಬಿಸಿಲು. ಗೊನೆ ಕೊಯ್ದು, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಒಣಗಲು ಹರವಬೇಕು. ಆ ಕೂಲಿಗೆ ಹೋಗುವ ಹೆಣ್ಣುಮಕ್ಕಳ ಮನೆಗಳಲ್ಲಿ ಸಂಜೆ ಪ್ರಾರ್ಥನೆ ನಡೆಸುತ್ತ ಬಂದವನು ನಾನು.

ನಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ತಪಸ್ಸುಕಾಲದ ನಲವತ್ತು ದಿನವೂ ಮಧ್ಯಾಹ್ನದ ಊಟ ಬಿಡುತ್ತಾರೆ. ಅದರಿಂದ ಅವರ ಬಾಳು ಹದಗೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಹಾಗೇ ಮಾಡಬೇಕೆಂದು ಒಂದು ಸಂಜೆ ಅವರು ಮಾತೆತ್ತಿದರು. ಆಗಷ್ಟೇ ಶೆಡ್ಡಿನಿಂದ ಬಂದು ಗೋಡೆಗೊರಗಿ ಕೂತಿದ್ದ ಅಕ್ಕ, "ಅಣ್ಣಾರ, ದಿನಾ ಕ್ರೇಟ್ ಹೊರಾಕಿ ನಾನು. ರೊಟ್ಟಿ ಬಿಟ್ರ ಕಣ್ಣಿಗೆ ಕತ್ತಲಿ ಬರತೈತಿ. ನಾ ದೇವರಿಗೆ ಏನ್ ಬಿಡ್ಲಿ ಹೇಳ್ರಿ?" ಎಂದಳು. ಕೈಬೆರಳುಗಳ ಸಂದಿನಲ್ಲಿ ದ್ರಾಕ್ಷಿ ರಸ ಒಣಗಿ ಕಪ್ಪಾಗಿತ್ತು.

ಕಥೋಲಿಕ ಸಭೆಯ ಕಾನೂನು ಉಪವಾಸವನ್ನು 18 ತುಂಬಿದವರಿಂದ 59ರವರೆಗೆ ಎಂದು ಗೊತ್ತುಮಾಡಿದೆ; ರೋಗಿಗಳಿಗೂ ಮೈಮುರಿದು ದುಡಿಯುವವರಿಗೂ ವಿನಾಯಿತಿ ಕೊಡುವುದು ಹಳೆಯ ರೂಢಿ. ಅನ್ಯಜನರ ಮೇಲೆ ಯೆಹೂದ್ಯರ ಎಲ್ಲ ಕಟ್ಟಳೆಗಳ ಹೊರೆ ಹೊರಿಸುವುದು ಬೇಡವೆಂದು ಯೆರೂಸಲೇಮಿನಲ್ಲಿ ಅಪೊಸ್ತಲರೇ ತೀರ್ಮಾನಿಸಿದ್ದರು. ಉಣ್ಣುವವನು ಉಣ್ಣದವನನ್ನು ಹೀನೈಸಬಾರದು, ಉಣ್ಣದವನು ಉಣ್ಣುವವನ ಬಗ್ಗೆ ತೀರ್ಪು ಕೊಡಬಾರದು ಎಂಬುದು ರೋಮಾಪುರದವರಿಗೆ ಪೌಲ ಬರೆದ ಮಾತಿನ ತಿರುಳು. ಇದನ್ನೆಲ್ಲ ಕೂಟದಲ್ಲಿ ಬಿಡಿಸಿ ಹೇಳಿದೆ. ಹಿರಿಯರು ತಲೆಯಾಡಿಸಿದರು, ಪೂರಾ ಒಪ್ಪಲಿಲ್ಲ.

ಆ ಅಕ್ಕ ಮಾಡಿದ್ದೇ ಬೇರೆ. ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ನೆಗೆಣ್ಣಿಯ ಮನೆಗೆ ಬೋಗುಣಿಯಲ್ಲಿ ಎಣ್ಣೆಗಾಯಿ ಪಲ್ಯ ಒಯ್ದಳು. ಮೊದಲ ಸಲ ಬಾಗಿಲೇ ತೆರೆಯಲಿಲ್ಲ. ಮತ್ತೆ ಹೋದಳು. ಹೊಟ್ಟೆ ಕಟ್ಟುವುದಕ್ಕಿಂತ ಇದು ಕಷ್ಟದ್ದು ಎಂದು ನನಗೆ ಅನಿಸಿತು, ಇಂದಿಗೂ ಅನಿಸುತ್ತದೆ.

ಪ್ರಾರ್ಥನೆಯ ರೀತಿಯೂ ಒಂದೇ ಅಲ್ಲ. ನಮ್ಮ ಕಡೆಯ ಅಮೋಘಸಿದ್ಧನ ಗುಡ್ಡದ ಡೊಳ್ಳು ಕೇಳುತ್ತ ಬೆಳೆದವರಿಗೆ ಬಾಯಿಬಿಟ್ಟು ಹಾಡಿದರೇ ಮನಸ್ಸು ಅರಳುತ್ತದೆ. ಕೆಲವರಿಗೆ ಮೌನವೇ ಬೇಕು. ಬಾಸೆಲ್ ಮಿಶನ್ನಿನ ಕಿಟ್ಟೆಲ್ 1862ರಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಹೊಂದಿಸಿ 'ಕಥಾಮಾಲೆ' ರಚಿಸಿದರು. ಕಥೆ ಅದೇ, ಮಟ್ಟು ನಮ್ಮದು.

ಆದರೆ ಎಲ್ಲವನ್ನೂ ಅವರವರ ಸ್ವಭಾವಕ್ಕೆ ಬಿಡಲು ನಾನು ಒಪ್ಪುವುದಿಲ್ಲ. "ನನ್ನ ಗುಣಾನ ಹಂಗ ಐತ್ರಿ, ಸಿಟ್ಟು ಬಂದ್ರ ತಡಿಯೂದಿಲ್ಲ" ಎನ್ನುವ ಹುಡುಗನೊಬ್ಬ ಕೂಟದಲ್ಲಿದ್ದಾನೆ, ಅಣ್ಣನ ಜೊತೆ ಮಾತಿಲ್ಲ. ತೋಟದವರನ್ನೇ ನೋಡಿ: ಅಕ್ಟೋಬರ್ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವಾಗ, ಕಡ್ಡಿಗೆ ಎಷ್ಟು ಕಣ್ಣು ಬಿಡಬೇಕೆಂಬುದನ್ನು ತಳಿಯನ್ನೂ ಕಡ್ಡಿಯ ದಪ್ಪವನ್ನೂ ನೋಡಿ ನಿರ್ಧರಿಸುತ್ತಾರೆ, ಚಾಟ್ನಿಯನ್ನೇ ಮಾಡದೆ ಯಾವ ಬಳ್ಳಿಯನ್ನೂ ಬಿಡುವುದಿಲ್ಲ. ಕ್ಷಮಿಸುವುದು, ಸುಳ್ಳಾಡದಿರುವುದು, ಕೂಲಿಯವರ ದುಡ್ಡು ಹಿಡಿಯದಿರುವುದು ಸ್ವಭಾವ ಕೇಳಿ ಬರುವ ಆಜ್ಞೆಗಳಲ್ಲ.

ಈಗ ನಮ್ಮ ಕೂಟದಲ್ಲಿ ಯಾರು ಉಪವಾಸ ಇದ್ದೀರೆಂದು ಕೇಳುವುದನ್ನು ಬಿಟ್ಟಿದ್ದೇವೆ. ಕರ್ತನ ಭೋಜನಕ್ಕೆ ಮೊದಲು ಯಾರೊಡನೆ ಮಾತು ಬಿಟ್ಟಿದ್ದೀರೆಂದು ಮಾತ್ರ ಕೇಳುತ್ತೇವೆ. ಆ ಹುಡುಗ ಇನ್ನೂ ಅಣ್ಣನ ಮನೆಗೆ ಹೋಗಿಲ್ಲ. ಬರುವ ವಾರ ಅವನ ಜೊತೆ ನಾನೂ ಹೋಗುತ್ತೇನೆಂದು ಹೇಳಿದ್ದೇನೆ.