ಕಿಸೆಯಲ್ಲೊಂದು ಮಡಚುವ ಚಾಕು



ಕಳೆದ ಸಂಚಿಕೆಯಲ್ಲಿ ಬೀಜೋಪಚಾರದ ಬಗ್ಗೆ ಬರೆದಿದ್ದೆವು. ಈ ಸಲದ ವಿಷಯ ಬಹಳ ಚಿಕ್ಕದು, ಅಂಗಿಯ ಕಿಸೆಯಲ್ಲಿ ಹಿಡಿಯುವಂಥದು: ಮಡಚುವ ಚಾಕು. ಇದಕ್ಕೊಂದು ಲೇಖನ ಬೇಕೇ ಎಂದು ಕೇಳುವವರು ಮೊದಲು ಈ ಘಟನೆಯನ್ನು ಓದಬೇಕು.

ನಿಲಂಗಾ ತಾಲೂಕಿನ ಒಂದು ಹಳ್ಳಿಗೆ ಮನೆಭೇಟಿಗೆ ಹೋಗಿದ್ದೆವು. ಸೋಯಾಬೀನ್ ರಾಶಿ ಮುಗಿದು ಕಡಲೆ ಬಿತ್ತನೆ ನಡೆದಿದ್ದ ದಿನಗಳು. ಅಂಗಳದಲ್ಲಿ ಚಹಾ ಕುಡಿಯುತ್ತಿರುವಾಗ ಕೊಟ್ಟಿಗೆಯಲ್ಲಿ ಗದ್ದಲ ಕೇಳಿಸಿತು. ದೇವಣಿ ತಳಿಯ ಒಳ್ಳೆಯ ಎತ್ತು. ಹಗ್ಗವನ್ನು ಗೂಟಕ್ಕೆ ಸುತ್ತಿಕೊಂಡು, ಕಾಲು ಜಾರಿ ಬಿದ್ದಿತ್ತು. ಕೊರಳಿನ ನೈಲಾನ್ ಹಗ್ಗ ಉರುಲಿನಂತೆ ಬಿಗಿದು ನಾಲಿಗೆ ಹೊರಬಂದಿತ್ತು. ಮನೆಯ ಮಗ ಗಂಟು ಬಿಚ್ಚಲು ಹೆಣಗಿದ. ಎತ್ತಿನ ಭಾರಕ್ಕೆ ಬಿಗಿದ ಗಂಟು ಬೆರಳಿಗೆ ಬಗ್ಗಲಿಲ್ಲ. ಸೊಸೆ ಕುಡುಗೋಲು ತರಲು ಒಳಗೆ ಓಡಿದಳು, ಕುಡುಗೋಲು ಹೊಲದಲ್ಲಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ಬಂದವರೇ ಒಳಕಿಸೆಯಿಂದ ಚಾಕು ತೆಗೆದು ಮೊದಲು ಗೂಟದ ಬಳಿ ಹಗ್ಗ ಕೊಯ್ದರು. ನಂತರ ಅಲಗಿನ ಬೆನ್ನನ್ನು ಎತ್ತಿನ ಕೊರಳ ಕಡೆಗೆ, ಹರಿತವಾದ ಬಾಯಿಯನ್ನು ಹೊರಕ್ಕೆ ಮಾಡಿ, ಉರುಲಿನ ಕೆಳಗೆ ತೂರಿಸಿ ಎಳೆದರು. ಎತ್ತು ಎದ್ದು ನಿಲ್ಲಲು ಕಾಲು ಗಂಟೆ ಹಿಡಿಯಿತು. ಉಳಿಯಿತು.

ನಾವು ಆ ಚಾಕುವನ್ನು ಕೇಳಿ ನೋಡಿದೆವು. ಕಟ್ಟಿಗೆಯ ಹಿಡಿ, ಒಂದೇ ಅಲಗು, ಸಾಣೆ ಹಿಡಿದು ಹಿಡಿದು ಅರ್ಧ ಸವೆದದ್ದು. ಅವರು ಹೇಳಿದ್ದು ಇಷ್ಟೇ: “ಫಾದರ್, ನಮ್ಮಪ್ಪನ ಕಾಲದಿಂದ ಕಿಸೇದಾಗೇ ಅದ. ಮನ್ಯಾಗ ಇಟ್ರ ಹೊಲ್ದಾಗ ಕೆಲಸಕ್ಕ ಬರ್ತದೇನ್ರಿ?”

ಹಿಂದೆ ನಮ್ಮ ಭಾಗದಲ್ಲಿ ಪುಂಡಿ ನಾರಿನ ಹಗ್ಗವೇ ಹೆಚ್ಚಾಗಿತ್ತು. ಅದು ಹಳತಾದರೆ ಜಗ್ಗಿದಾಗ ಹರಿಯುತ್ತಿತ್ತು. ನೈಲಾನ್ ಹಗ್ಗ ಅಗ್ಗ, ಕೊಳೆಯುವುದಿಲ್ಲ, ಹಗುರ. ಆದರೆ ಸುಲಭಕ್ಕೆ ಹರಿಯುವುದಿಲ್ಲ, ಅದರ ಗಂಟು ಭಾರ ಬಿದ್ದಷ್ಟೂ ಬಿಗಿಯುತ್ತದೆ. ಹಗ್ಗ ಬದಲಾದ ಮೇಲೆ ಕಿಸೆಯ ಚಾಕುವಿನ ಅಗತ್ಯ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನಮ್ಮ ತರುಣರು ಮಾತ್ರ ಕಿಸೆಯಲ್ಲಿ ಮೊಬೈಲ್ ಇಟ್ಟು ಚಾಕುವನ್ನು ಕೈಬಿಟ್ಟರು.

ಇಂಥ ಚಾಕು ಬೇರೆ ದೇಶಗಳ ರೈತರಿಗೂ ಹಳೆಯ ಸಂಗಾತಿ. ಫ್ರಾನ್ಸಿನ ಸವಾಯ್ ಎಂಬ ಗುಡ್ಡಗಾಡಿನಲ್ಲಿ ಜೋಸೆಫ್ ಒಪಿನೆಲ್ ಎಂಬ ಯುವಕ 1890ರಲ್ಲಿ ಕಟ್ಟಿಗೆ ಹಿಡಿಯ, ಒಂದೇ ಅಲಗಿನ ಚಾಕು ಮಾಡಿದ. ತೆರೆದ ಅಲಗು ತಾನಾಗಿ ಬೆರಳ ಮೇಲೆ ಮಡಚಿಕೊಳ್ಳದಂತೆ 1955ರಲ್ಲಿ ಅದಕ್ಕೆ ತಿರುಗುವ ಒಂದು ಬಳೆ ಸೇರಿತು. ಮೂಲ ರೂಪ ಇಂದಿಗೂ ಅದೇ. ಕತ್ತರಿ, ತಿರುಪುಳಿ, ಡಬ್ಬಿ ತೆರೆಯುವ ಕೊಕ್ಕೆ ಎಂದು ಹತ್ತಾರು ಸಾಧನ ತುಂಬಿದ ಚಾಕುಗಳೂ ಪೇಟೆಯಲ್ಲಿವೆ, ನೋಡಲು ಚಂದ. ಹೊಲದ ಮಣ್ಣು ಅವುಗಳ ಸಂದಿಗೆ ಸೇರಿದರೆ ತೊಳೆಯುವುದೇ ಒಂದು ಕೆಲಸ. ನಮ್ಮ ಕರಿಮಣ್ಣಿನ ಗುಣ ನಿಮಗೆ ಹೇಳಬೇಕಾಗಿಲ್ಲ. ಮೂರು ಅಂಗುಲದ ಒಂದೇ ಅಲಗು, ಅಲುಗಾಡದ ಮೊಳೆ, ಬೆವರಿನ ಕೈಯಲ್ಲಿ ಜಾರದ ಹಿಡಿ ಇದ್ದರೆ ಸಾಕು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಕಬ್ಬಿನ ಸಾಲಿನ ಡ್ರಿಪ್ ಪೈಪು ಕೊಯ್ಯುವುದು, ಊಟದ ಹೊತ್ತಿಗೆ ರೊಟ್ಟಿಯ ಜೊತೆ ಉಳ್ಳಾಗಡ್ಡಿ ಹೆಚ್ಚುವುದು, ಎಲ್ಲಕ್ಕೂ ಅದೇ. ಆದರೆ ಔಷಧಿ ಡಬ್ಬಿಯ ಮುಚ್ಚಳ ತೆರೆದ ಚಾಕುವಿನಿಂದ ಉಳ್ಳಾಗಡ್ಡಿ ಹೆಚ್ಚಬಾರದು. ಕೀಟನಾಶಕಕ್ಕೆ ಬೇರೆಯದೇ ಇರಲಿ.

ಸ್ಟೀಲಿನ ಅಲಗಿಗೆ ತುಕ್ಕು ಕಡಿಮೆ. ಸಾದಾ ಉಕ್ಕಿನ ಅಲಗು ಬೇಗ ಹರಿತವಾಗುತ್ತದೆ, ಆದರೆ ಲಿಂಬೆ, ಉಳ್ಳಾಗಡ್ಡಿ ಕೊಯ್ದು ಒರೆಸದೆ ಇಟ್ಟರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆಯ ಒಂದು ಹನಿ ಸವರಿದರೆ ಮುಗಿಯಿತು. ಮೊಂಡು ಚಾಕುವಿನಿಂದಲೇ ಕೈಗೆ ಹೆಚ್ಚು ಗಾಯ, ಏಕೆಂದರೆ ಒತ್ತಿ ಕೊಯ್ಯುವಾಗ ಅದು ಜಾರುತ್ತದೆ. ವಾರಕ್ಕೊಮ್ಮೆ ಸಾಣೆಕಲ್ಲಿಗೆ ನೀರು ಹಾಕಿ, ಅಲಗನ್ನು ಬಹುತೇಕ ಮಲಗಿಸಿ, ಎರಡೂ ಮಗ್ಗುಲಿಗೆ ಸಮನಾಗಿ ಉಜ್ಜಿರಿ. ಕೈ ಕೂಡದಿದ್ದರೆ ಶಿಕಲಗಾರರ ಬಳಿ ಕೊಡಿ.

ಬೆಳೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಚಾಕು ರೋಗವನ್ನೂ ಹೊರುತ್ತದೆ. ಕೂಳೆ ಕಬ್ಬು ಗಿಡ್ಡಾಗುವ ಬ್ಯಾಕ್ಟೀರಿಯಾ ರೋಗ ಬೀಜದ ತುಂಡು ಕೊಯ್ಯುವ ಕತ್ತಿಯಿಂದಲೇ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಮೇಲ್ನೋಟಕ್ಕೆ ಕಬ್ಬು ಚೆನ್ನಾಗಿಯೇ ಕಾಣುವುದರಿಂದ ಗೊತ್ತಾಗುವುದಿಲ್ಲ. ಮಾವಿಗೆ, ಮೋಸಂಬಿಗೆ ಕಸಿ ಕಟ್ಟುವವರು ಪ್ರತಿ ಗಿಡಕ್ಕೂ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ದಪ್ಪ ಕತ್ತಿಗೆ ಉರಿ ತೋರಿಸುವ ರೂಢಿ ಇದೆ. ತೆಳುವಾದ ಕಿಸೆ ಚಾಕುವಿಗೆ ಅದು ಬೇಡ. ಅಲಗು ನೀಲಿಗಟ್ಟಿದರೆ ಅದರ ಗಡಸು ಹೋಯಿತು.

ಇನ್ನು ಆರೋಗ್ಯ. ಕೈ ಕೊಯ್ದುಕೊಂಡರೆ ಸುಣ್ಣ, ತಂಬಾಕು, ಬೀಡಿ ಬೂದಿ ಒತ್ತುವವರನ್ನು ಈಗಲೂ ಕಾಣುತ್ತೇವೆ. ದಯವಿಟ್ಟು ಬೇಡ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಧನುರ್ವಾಯು ತುಕ್ಕಿನಿಂದ ಬರುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಆ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಫಳಫಳ ಹೊಳೆಯುವ ಚಾಕುವಿಗೆ ಸಗಣಿ ತಾಗಿದ್ದರೂ ಅಪಾಯ ಅಷ್ಟೇ. ಮೂರು ದಿನದಿಂದ ಮೂರು ವಾರದೊಳಗೆ ದವಡೆ ಬಿಗಿಯತೊಡಗಿದರೆ ಆಸ್ಪತ್ರೆಯಲ್ಲೂ ಬದುಕಿಸುವುದು ಕಷ್ಟ. ಗಾಯ ಆಳವಾಗಿದ್ದು ಅಥವಾ ಹೊಲಸಾಗಿದ್ದು, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಹಳೆಯ ಟಿ.ಟಿ. ಬದಲು ಈಗ ಟಿ.ಡಿ. ಕೊಡುತ್ತಾರೆ.

ಒಂದು ಕಾಲಕ್ಕೆ ಮನೆಯ ಹೆರಿಗೆಗಳಲ್ಲಿ ಕೈಗೆ ಸಿಕ್ಕ ಕುಡುಗೋಲು, ಚಾಕುವಿನಿಂದ ಹೊಕ್ಕುಳಬಳ್ಳಿ ಕೊಯ್ದು ಎಷ್ಟೋ ಕೂಸುಗಳು ವಾರದೊಳಗೆ ಧನುರ್ವಾಯುವಿಗೆ ತುತ್ತಾದವು. ತಾಯಂದಿರಿಗೆ ಲಸಿಕೆ, ಆಸ್ಪತ್ರೆಯ ಹೆರಿಗೆ, ಶುದ್ಧ ಅಲಗು, ಇವುಗಳಿಂದ ಆ ಸಾವು ತೀರ ಅಪರೂಪವಾಗಿ, 2015ರಲ್ಲಿ ಭಾರತ ಈ ರೋಗವನ್ನು ನಿರ್ಮೂಲನೆಯ ಮಟ್ಟಕ್ಕೆ ಇಳಿಸಿದೆ ಎಂದು ದೃಢಪಟ್ಟಿತು. ರೋಗಾಣು ಮಣ್ಣಿನಿಂದ ಹೋಗಿಲ್ಲ.

ಹಾವು ಕಚ್ಚಿದ ಜಾಗವನ್ನು ಚಾಕುವಿನಿಂದ ಕೊಯ್ಯುವುದು ಎಲ್ಲಕ್ಕಿಂತ ಕೆಟ್ಟ ಉಪಯೋಗ. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಕೊಯ್ದ ಗಾಯದಿಂದ ರಕ್ತ ನಿಲ್ಲದೆ ಸೋರುತ್ತದೆ. ಅಂಥ ಹೊತ್ತಿನಲ್ಲಿ ಚಾಕುವಿಗೆ ಒಂದೇ ಕೆಲಸ: ಬಾವು ಏರುವ ಮೊದಲು ಕೈಗೆ, ಕಾಲಿಗೆ ಕಟ್ಟಿದ ದಾರವನ್ನು ಕತ್ತರಿಸಿ ತೆಗೆಯುವುದು. ಉಂಗುರ, ಕಾಲುಂಗುರಗಳನ್ನೂ ತೆಗೆದು, ಅಂಗವನ್ನು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಹಾಗೆಯೇ ಹಸಿ ಮೇವು ತಿಂದು ಹೊಟ್ಟೆ ಉಬ್ಬಿದ ದನಕ್ಕೆ ಚಾಕು ಚುಚ್ಚುವ ಸಾಹಸ ಬೇಡ, ಅದು ಪಶುವೈದ್ಯರ ಕೆಲಸ. ಸಕ್ಕರೆ ಕಾಯಿಲೆಯವರು ಅಂಗಾಲಿನ ಆಣಿಯನ್ನು ಚಾಕುವಿನಿಂದ ಹೆರೆದುಕೊಳ್ಳಬೇಡಿ. ನೋವು ತಿಳಿಯದ ಪಾದದಲ್ಲಿ ಆಗುವ ಸಣ್ಣ ಗಾಯಕ್ಕೆ ಕಾಲನ್ನೇ ಕಳೆದುಕೊಂಡವರನ್ನು ನಾವು ಆಸ್ಪತ್ರೆಯಲ್ಲಿ ಕಂಡಿದ್ದೇವೆ.

ಚಾಕು ಇಟ್ಟುಕೊಂಡರೆ ಪೊಲೀಸರು ಹಿಡಿಯುವುದಿಲ್ಲವೇ ಎಂದು ಉದಗೀರಿನ ಒಬ್ಬ ತರುಣ ಕೇಳಿದ. ಸಿನಿಮಾದ ರಾಂಪುರಿಯೇ ಅವನ ಕಣ್ಣ ಮುಂದಿತ್ತು. ಶಸ್ತ್ರಾಸ್ತ್ರ ನಿಯಮಗಳು ಪರವಾನಿಗೆ ಕೇಳುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಅಲಗಿಗೆ. ಮನೆ ಹಾಗೂ ಕೃಷಿ ಕೆಲಸದ ಸಾಧನಗಳು ಅದರಿಂದ ಹೊರಗೆ. ಆದರೂ ಗುಂಡಿ ಒತ್ತಿದರೆ ಚಿಮ್ಮುವ ಚಾಕುವನ್ನು ಕೊಳ್ಳಬೇಡಿ. ಹಬ್ಬ, ಚುನಾವಣೆಗಳಲ್ಲಿ ಮಹಾರಾಷ್ಟ್ರ ಪೊಲೀಸ್ ಕಾಯಿದೆಯ 37ನೇ ಕಲಮಿನ ಪ್ರಕಾರ ನಿಷೇಧಾಜ್ಞೆ ಹೊರಟಾಗ ಅದನ್ನು ಮನೆಯಲ್ಲಿಡಿ. ನ್ಯಾಯಾಲಯಕ್ಕೆ, ಮೋರ್ಚಾಕ್ಕೆ ಒಯ್ಯಬೇಡಿ. ಕುಡಿಯುವವರ ಕಿಸೆಯಲ್ಲಿ ಅದು ಯಾವ ದಿನವೂ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆ ಎತ್ತಿನ ಮನೆಗೆ ಕೆಲವು ತಿಂಗಳ ಮೇಲೆ ಮತ್ತೆ ಹೋಗಿದ್ದೆವು. ಮಗ ಉಮರ್ಗಾದಿಂದ ಎರಡು ಚಾಕು ತಂದಿದ್ದ. ಒಂದು ಅವನ ಕಿಸೆಯಲ್ಲಿತ್ತು. ಇನ್ನೊಂದನ್ನು ಕೊಟ್ಟಿಗೆಯ ಕಂಬಕ್ಕೆ ನೇತುಹಾಕಿದ್ದ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ.