ಸೋರುವ ರೇಡಿಯೇಟರ್‌ಗೆ ಎಷ್ಟು ಖರ್ಚು ಮಾಡಬೇಕು?

ಹತ್ತು ವರ್ಷ ಓಡಿರುವ ನಮ್ಮ ಪೆಟ್ರೋಲ್ ಕಾರಿನ ರೇಡಿಯೇಟರ್ ಸೋರತೊಡಗಿದಾಗ ಗ್ಯಾರೇಜಿನವರು ಎರಡು ದಾರಿ ಹೇಳಿದರು. ಬಿಚ್ಚಿ ಅಂಟು ಹಾಕಿಸಿದರೆ 1,800 ರೂಪಾಯಿ. ಹೊಸದು ಕೂರಿಸಿದರೆ ಕೂಲೆಂಟ್, ಕೂಲಿ ಎಲ್ಲ ಸೇರಿ 7,200. ಮಧ್ಯದ 5,400 ರೂಪಾಯಿ ಉಳಿಸೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ಎರಡು ಅಂಕಿಗಳನ್ನಷ್ಟೇ ಮುಂದಿಟ್ಟುಕೊಂಡು ತೀರ್ಮಾನಕ್ಕೆ ಬರಬಾರದು.

ಮೊದಲು ತಿಳಿಯಬೇಕಾದದ್ದು ಸೋರುತ್ತಿರುವುದು ಎಲ್ಲಿ ಎಂಬುದು. ಹೋಸ್ ಪೈಪಿನ ಕ್ಲಿಪ್ ಸಡಿಲವಾದರೂ, ವಾಟರ್ ಪಂಪ್ ಸೋರಿದರೂ ನೆಲದ ಮೇಲೆ ಬೀಳುವುದು ಅದೇ ಬಣ್ಣದ ಕೂಲೆಂಟ್. ಎಂಜಿನ್ ತಣ್ಣಗಿರುವಾಗ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸದೆ ಯಾವುದಕ್ಕೂ ಒಪ್ಪಬೇಡಿ. ಕ್ಲಿಪ್ಪಿನಿಂದ ಮುಗಿಯುವ ಕೆಲಸಕ್ಕೆ ರೇಡಿಯೇಟರ್ ಕೊಳ್ಳುವುದು ಶುದ್ಧ ನಷ್ಟ.

ನಮ್ಮ ಕಾರಿನಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂ ಕೋರ್‌ಗೆ ಕೂಡುವ ಜಾಗದಲ್ಲೇ ಬಿರುಕು ಕಾಣಿಸಿತು. ಅಂಬಾಸಿಡರ್, ಪದ್ಮಿನಿ ಕಾಲದ ರೇಡಿಯೇಟರ್‌ಗಳು ತಾಮ್ರ, ಹಿತ್ತಾಳೆಯವು. ಬೆಸುಗೆ ಹಾಕಿಸಿದರೆ ಮತ್ತೆ ವರ್ಷಗಟ್ಟಲೆ ಬಾಳುತ್ತಿದ್ದವು. ಆಗ ರಿಪೇರಿಯೇ ಜಾಣತನ. ಈಗಿನ ಪ್ಲಾಸ್ಟಿಕ್ ವರ್ಷಗಳ ಕಾಲ ಕಾದು ಕಾದು ಪೆಡಸಾಗಿರುತ್ತದೆ. ಒಂದು ಕಡೆ ಅಂಟು ಮೆತ್ತಿದರೆ ಪಕ್ಕದಲ್ಲೇ ಬಿಡುತ್ತದೆ. ಕೂಲೆಂಟ್ ಬೇಗ ಕುದಿಯದಿರಲೆಂದು ರೇಡಿಯೇಟರ್ ಕ್ಯಾಪ್ ಸುಮಾರು 1 ಬಾರ್ ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಆ ಬಿಸಿ, ಆ ಒತ್ತಡ ಎರಡನ್ನೂ ಅಂಟು ಎಷ್ಟು ದಿನ ತಡೆದೀತು?

ಮತ್ತೆ ಸೋರಿದರೆ ಬಿಚ್ಚುವ ಕೂಲಿ, ಹೊಸ ಕೂಲೆಂಟ್ ಎರಡಕ್ಕೂ ಇನ್ನೊಮ್ಮೆ ದುಡ್ಡು ತೆರಬೇಕು. ಅದು ಸಣ್ಣ ಮೊತ್ತ. ನನ್ನನ್ನು ಹೆದರಿಸಿದ್ದು ಶಿರಾಡಿ ಘಾಟಿ. ಊರಿಗೆ ಹೋಗಿಬರಲು ನಮಗೆ ಅದೇ ದಾರಿ. ಲಾರಿಗಳ ಹಿಂದೆ ಫಸ್ಟ್ ಗೇರಿನಲ್ಲಿ ತೆವಳುವಾಗ ಕೂಲೆಂಟ್ ಖಾಲಿಯಾದರೆ ಎಂಜಿನ್ ಹೆಡ್ ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆ ರಿಪೇರಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬೇಕಾದೀತು ಎಂದರು ಮೆಕ್ಯಾನಿಕ್. ಸವಕಳಿಯಿಂದ ಕೆಟ್ಟದ್ದಕ್ಕೆ ಸಾಮಾನ್ಯ ವಿಮೆಯಲ್ಲಿ ಪರಿಹಾರವೂ ಸಿಗುವುದಿಲ್ಲ. ನಾನು ಹೊಸದನ್ನೇ ಹಾಕಿಸಿದೆ.

ಎಲ್ಲರಿಗೂ ಇದೇ ಸರಿ ಎನ್ನಲಾರೆ. ಕೋರ್ ಚೆನ್ನಾಗಿದ್ದು, ಟ್ಯಾಂಕನ್ನೂ ರಬ್ಬರ್ ಗ್ಯಾಸ್ಕೆಟ್ಟನ್ನೂ ಹೊಸದಾಗಿ ಕೂರಿಸಿಕೊಡುವ ನುರಿತ ಕೈ ನಿಮ್ಮೂರಲ್ಲಿದ್ದರೆ ಅದು ಒಳ್ಳೆಯ ರಿಪೇರಿ, ದುಡ್ಡೂ ಉಳಿಯುತ್ತದೆ. ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳನ್ನು ಮಾತ್ರ ಗ್ಯಾರೇಜ್ ಮುಟ್ಟುವವರೆಗಿನ ಆಸರೆ ಎಂದಷ್ಟೇ ನೋಡಿ. ಕೋರಿನ ಸಣ್ಣ ಕೊಳವೆಗಳಲ್ಲಿ ಅವು ಕಟ್ಟಿಕೊಳ್ಳಬಹುದು. ಹೇಗೂ ಕಾರು ಮಾರುತ್ತೇವಲ್ಲ ಎಂದು ಅಂಟು ಮೆತ್ತಿಸುವವರೂ ಇದ್ದಾರೆ. ನನ್ನ ಮನಸ್ಸು ಅದಕ್ಕೆ ಒಪ್ಪುವುದಿಲ್ಲ. ಮುಂದೆ ಆ ಕಾರಿನಲ್ಲಿ ಘಾಟಿ ಹತ್ತುವುದು ಇನ್ನೊಂದು ಕುಟುಂಬ.

ಹೊಸದು ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ. ಅದಿಲ್ಲದೆ ವಾರಂಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿ. ಹಳೆಯ ಕ್ಯಾಪನ್ನು ಮತ್ತೆ ಹಾಕಿಸಬೇಡಿ. ಕೂಲೆಂಟ್‌ಗೆ ಬೋರ್‌ವೆಲ್ ನೀರು ಬೆರೆಸಲು ಬಿಡಬೇಡಿ, ಡಿಸ್ಟಿಲ್ಡ್ ವಾಟರ್ ಕ್ಯಾನ್ ನೀವೇ ಕೊಂಡೊಯ್ಯಿರಿ.