ಕಾರಿನ ಸಬ್‌ವೂಫರ್ ಪೆಟ್ಟಿಗೆ: ಅಳತೆಯ ಲೆಕ್ಕ, ವ್ಯಾಪಾರದ ಲೆಕ್ಕ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗಗಳಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಟೈರು, ಬ್ಯಾಟರಿ, ಬಿಡಿಭಾಗಗಳ ಜೊತೆಗೆ ವಾಹನಗಳ ಧ್ವನಿ ಸಲಕರಣೆಗಳಿಗೂ ಬೇಡಿಕೆ ಬರುತ್ತದೆ. ಸ್ಪೀಕರು ಮತ್ತು ಆಂಪ್ಲಿಫೈಯರುಗಳು ಹೊರ ಊರುಗಳಿಂದ ಬರುವ ಸರಕು; ಅವುಗಳ ಮೇಲಿನ ಲಾಭಾಂಶ ಅಲ್ಪ. ಪೆಟ್ಟಿಗೆಯಾದರೋ ನಮ್ಮ ಬಡಗಿ ಕೆಲಸದ ಘಟಕಗಳಲ್ಲಿಯೇ ತಯಾರಾಗಬಲ್ಲದು. ಆದರೆ ಈ ಕೆಲಸವನ್ನು ಕೇವಲ ಮರಗೆಲಸವೆಂದು ತಿಳಿದು ಅಂದಾಜಿನಿಂದ ಮಾಡಿದಾಗ ಸ್ಪೀಕರು ಹಾಳಾಗುತ್ತದೆ. ಗ್ರಾಹಕನು ಪೆಟ್ಟಿಗೆ ಮಾಡಿದವನ ಬಾಗಿಲಿಗೇ ಬರುತ್ತಾನೆ. ಹಲಗೆ ಕೊಯ್ಯುವುದಕ್ಕೆ ಮೊದಲು ಅರ್ಧ ಗಂಟೆಯ ಲೆಕ್ಕ ಮಾಡಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆ ಲೆಕ್ಕದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕೊಳವೆಯುಳ್ಳ ಪೆಟ್ಟಿಗೆಯ ತತ್ವ

ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಒಂದು ನಿಶ್ಚಿತ ಸ್ವರ ಹೊರಡುತ್ತದೆ. ಸೀಸೆಯ ಕತ್ತಿನಲ್ಲಿರುವ ಗಾಳಿ ತೂಕದಂತೆಯೂ, ಒಡಲಿನ ಗಾಳಿ ಸ್ಪ್ರಿಂಗಿನಂತೆಯೂ ವರ್ತಿಸುವುದೇ ಇದಕ್ಕೆ ಕಾರಣ. ಪೋರ್ಟ್ ಎಂದು ಕರೆಯಲ್ಪಡುವ ಕೊಳವೆಯನ್ನು ಅಳವಡಿಸಿದ ಪೆಟ್ಟಿಗೆಯೂ ಹೀಗೆಯೇ ಒಂದು ಸ್ವರಕ್ಕೆ ಹೊಂದಿಕೊಂಡಿರುತ್ತದೆ. ಆ ಸ್ವರದಲ್ಲಿ ಕೊಳವೆಯ ಗಾಳಿಯೇ ಹೆಚ್ಚಿನ ಧ್ವನಿಯನ್ನು ಹೊರಡಿಸುತ್ತದೆ. ಸ್ಪೀಕರಿನ ಕೋನು ಅತ್ಯಲ್ಪ ಚಲಿಸುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಥುರಾಸ್ ಅವರು ಈ ತತ್ವಕ್ಕೆ 1932ರಲ್ಲಿ ಪೇಟೆಂಟ್ ಪಡೆದರು. ಆಸ್ಟ್ರೇಲಿಯಾದ ಥೀಲ್ 1961ರಲ್ಲಿಯೂ, ಅನಂತರ 1970ರ ದಶಕದಲ್ಲಿ ಸ್ಮಾಲ್ ಅವರೂ ಇದನ್ನು ಗಣಿತಕ್ಕೆ ಒಳಪಡಿಸಿದರು. ಇಂದು ಸ್ಪೀಕರಿನೊಂದಿಗೆ ಬರುವ ತಾಂತ್ರಿಕ ಪತ್ರಿಕೆಯಲ್ಲಿನ ಅಂಕಿಗಳಿಗೆ ಇವರಿಬ್ಬರ ಹೆಸರೇ ಇದೆ.

ಸ್ಪೀಕರಿನ ಆಯ್ಕೆ

ಎಲ್ಲ ಸ್ಪೀಕರುಗಳೂ ಕೊಳವೆಯ ಪೆಟ್ಟಿಗೆಗೆ ತಕ್ಕವಲ್ಲ. ತಾಂತ್ರಿಕ ಪತ್ರಿಕೆಯಲ್ಲಿರುವ ಎಫ್‌ಎಸ್ ಎಂಬ ಅಂಕಿಯನ್ನು ಕ್ಯೂಇಎಸ್ ಎಂಬ ಅಂಕಿಯಿಂದ ಭಾಗಿಸಬೇಕು. ಫಲ 50ಕ್ಕಿಂತ ಕಡಿಮೆಯಿದ್ದರೆ ಮುಚ್ಚಿದ ಪೆಟ್ಟಿಗೆಯೂ, 100ರ ಸಮೀಪ ಅಥವಾ ಮೇಲಿದ್ದರೆ ಕೊಳವೆಯ ಪೆಟ್ಟಿಗೆಯೂ ಯೋಗ್ಯ. ನಡುವೆ ಇದ್ದರೆ ಎರಡೂ ಆಗಬಹುದು. ಉದಾಹರಣೆಗೆ 28ನ್ನು 0.65ರಿಂದ ಭಾಗಿಸಿದರೆ 43; ಇದಕ್ಕೆ ಮುಚ್ಚಿದ ಪೆಟ್ಟಿಗೆಯೇ ಸರಿ. ಇದು ಸ್ಥೂಲ ನಿಯಮವಾದ್ದರಿಂದ ತಯಾರಕರು ಸೂಚಿಸಿದ ಪೆಟ್ಟಿಗೆಯ ಗಾತ್ರವಿದ್ದರೆ ಅದಕ್ಕೇ ಆದ್ಯತೆ ಕೊಡತಕ್ಕದ್ದು. ಯಾವ ಅಂಕಿಯೂ ಇಲ್ಲದೆ ಬರುವ ಅಗ್ಗದ ಸ್ಪೀಕರುಗಳಿಗೆ ಮುಚ್ಚಿದ ಪೆಟ್ಟಿಗೆಯನ್ನೇ ಮಾಡಿಕೊಡುವುದು ಕ್ಷೇಮಕರ.

ಒಂದು ಉದಾಹರಣೆ

12 ಅಂಗುಲದ ಸ್ಪೀಕರಿಗೆ 50 ಲೀಟರ್ ನಿವ್ವಳ ಗಾಳಿ ಬೇಕೆಂದೂ, ಪೆಟ್ಟಿಗೆಯನ್ನು 35 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 35 ಕಂಪನಗಳಿಗೆ, ಹೊಂದಿಸಬೇಕೆಂದೂ ಇಟ್ಟುಕೊಳ್ಳೋಣ. ನಮ್ಮಲ್ಲಿ ನೀರಾವರಿಗೆ ಬಳಸುವ 110 ಮಿ.ಮೀ. ಪಿ.ವಿ.ಸಿ. ಪೈಪನ್ನೇ ಕೊಳವೆಯಾಗಿ ಬಳಸಬಹುದು. ಆದರೆ 110 ಎಂಬುದು ಹೊರವ್ಯಾಸ. ಲೆಕ್ಕಕ್ಕೆ ಬೇಕಾದುದು ಒಳವ್ಯಾಸ. ಇದು ಪೈಪಿನ ದರ್ಜೆಗೆ ಅನುಸಾರವಾಗಿ ಬದಲಾಗುವುದರಿಂದ ಅಳೆದೇ ನೋಡಬೇಕು. ಇಲ್ಲಿ 10.4 ಸೆಂ.ಮೀ. ಎಂದು ತೆಗೆದುಕೊಳ್ಳಲಾಗಿದೆ. ಲೆಕ್ಕದ ಕ್ರಮ ಹೀಗಿದೆ:

1. ಒಳವ್ಯಾಸದ ವರ್ಗವನ್ನು 23,562ರಿಂದ ಗುಣಿಸಬೇಕು: 108.16 × 23,562 = ಸುಮಾರು 25,48,000.

2. ಹರ್ಟ್ಸ್‌ನ ವರ್ಗವನ್ನು ಲೀಟರಿನಿಂದ ಗುಣಿಸಬೇಕು: 1,225 × 50 = 61,250.

3. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು: 41.6.

4. ಇದರಿಂದ ಒಳವ್ಯಾಸದ 0.732 ಪಾಲನ್ನು, ಅಂದರೆ 7.6ನ್ನು, ಕಳೆಯಬೇಕು: 34 ಸೆಂ.ಮೀ. ಇದೇ ಕೊಳವೆಯ ಉದ್ದ.

ನಾಲ್ಕನೆಯ ಹಂತವನ್ನು ಬಿಡಬಾರದು. ಕೊಳವೆಯ ಎರಡೂ ತುದಿಗಳ ಹೊರಗಿನ ಸ್ವಲ್ಪ ಗಾಳಿಯೂ ಅದರೊಂದಿಗೆ ಚಲಿಸುವುದರಿಂದ ಈ ಕಡಿತ ಅವಶ್ಯ.

ಈಗ ಪೆಟ್ಟಿಗೆಯ ಅಳತೆ. 50 ಲೀಟರ್ ಎಂಬುದು ನಿವ್ವಳ. ಪೆಟ್ಟಿಗೆಯ ಒಳಗಿರುವ ಕೊಳವೆಗೆ 3.1 ಲೀಟರ್, ಸ್ಪೀಕರಿನ ಹಿಂಭಾಗಕ್ಕೆ 3, ಅಡ್ಡಪಟ್ಟಿಗಳಿಗೆ 1.4 ಸೇರಿಸಿದರೆ ಒಟ್ಟು 57.5 ಲೀಟರ್. ಒಳ ಅಳತೆ 54 × 34 × 31.3 ಸೆಂ.ಮೀ. ಇಟ್ಟರೆ ಇದು ಸರಿಹೊಂದುತ್ತದೆ. 18 ಮಿ.ಮೀ. ಹಲಗೆಯಲ್ಲಿ ಹೊರ ಅಳತೆ 57.6 × 37.6 × 34.9 ಆಗುವುದು. ಕೊಳವೆಯನ್ನು ಪಕ್ಕದ ಹಲಗೆಯಿಂದ ಉದ್ದಕ್ಕೆ ಒಳಸೇರಿಸಿ, ಸ್ಪೀಕರಿನ ಅಯಸ್ಕಾಂತದಿಂದ ದೂರವಾಗಿ ನಿಲ್ಲಿಸಬೇಕು. ಅದರ ಒಳತುದಿಗೂ ಎದುರಿನ ಹಲಗೆಗೂ, ಹೊರಬಾಯಿಗೂ ಡಿಕ್ಕಿಯ ಗೋಡೆಗೂ ನಡುವೆ ಕನಿಷ್ಠ ಒಂದು ವ್ಯಾಸದಷ್ಟು ಅಂತರವಿರತಕ್ಕದ್ದು.

ಅಂದಾಜಿನ ಬೆಲೆ

ಮೇಲಿನ ಪೆಟ್ಟಿಗೆಯಲ್ಲಿ ಕೊಳವೆಯನ್ನು 34ರ ಬದಲು 15 ಸೆಂ.ಮೀ.ಗೆ ಕೊಯ್ದರೆ ಹೊಂದಾಣಿಕೆ 35ರಿಂದ ಸುಮಾರು 47 ಹರ್ಟ್ಸ್‌ಗೆ ಏರುತ್ತದೆ. ಅಂಗಡಿಯಲ್ಲಿ ಕೇಳುವಾಗ ಇದು ಜೋರಾಗಿಯೇ ಕೇಳಿಸಿ ಗ್ರಾಹಕನು ಮೆಚ್ಚಬಹುದು. ಆದರೆ ಹೊಂದಾಣಿಕೆಯ ಸ್ವರಕ್ಕಿಂತ ಕೆಳಗೆ ಪೆಟ್ಟಿಗೆಯ ಗಾಳಿ ಕೋನನ್ನು ಹಿಡಿದು ನಿಲ್ಲಿಸುವುದಿಲ್ಲ. ಡೋಲಿನ ಆಳವಾದ ಪೆಟ್ಟು ಬಂದಾಗ ಕೋನು ಮಿತಿ ಮೀರಿ ಚಲಿಸಿ ಸುರುಳಿ ತಗಲುತ್ತದೆ. ಕೊಳವೆ, ಸ್ಪೀಕರುಗಳ ಗಾತ್ರವನ್ನು ಮರೆತು ಒಟ್ಟು ಗಾತ್ರವನ್ನೇ 50 ಲೀಟರ್ ಮಾಡಿದರೆ ಹೊಂದಾಣಿಕೆ ಸುಮಾರು 38ಕ್ಕೆ ಸರಿಯುತ್ತದೆ. ಲೆಕ್ಕ ಸರಿಯಿದ್ದರೂ ಆಂಪ್ಲಿಫೈಯರಿನಲ್ಲಿರುವ ಸಬ್‌ಸಾನಿಕ್ ಫಿಲ್ಟರನ್ನು ಹೊಂದಾಣಿಕೆಗಿಂತ ಸ್ವಲ್ಪ ಕೆಳಗೆ, ಈ ಉದಾಹರಣೆಯಲ್ಲಿ 28ರಿಂದ 30ರ ಸುಮಾರಿಗೆ, ಇಡಬೇಕು. ಈ ಸೌಲಭ್ಯವಿಲ್ಲದ ಆಂಪ್ಲಿಫೈಯರಿನೊಂದಿಗೆ ಕೊಳವೆಯ ಪೆಟ್ಟಿಗೆಯನ್ನು ಮಾರದಿರುವುದೇ ಲೇಸು.

ಕೊಳವೆಯ ಅಗಲವೂ ಮುಖ್ಯ. ಕಿರಿದಾದ ಕೊಳವೆಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 17 ಮೀಟರ್ ದಾಟಿದರೆ ಭುಸುಗುಟ್ಟುವ ಸದ್ದು ಕೇಳತೊಡಗುತ್ತದೆ. ಸಾಧಾರಣ ಶಕ್ತಿಗೆ ಮೇಲಿನ ಪೈಪು, ಅಂಚುಗಳನ್ನು ದುಂಡಾಗಿಸಿದಲ್ಲಿ, ಸಾಕು. ಹೆಚ್ಚಿನ ಶಕ್ತಿಗೆ ಎರಡು ಪೈಪು ಹಾಕೋಣವೆಂದರೆ ಪ್ರತಿಯೊಂದರ ಉದ್ದ 75 ಸೆಂ.ಮೀ. ದಾಟುತ್ತದೆ, ಈ ಪೆಟ್ಟಿಗೆಯಲ್ಲಿ ಅದು ಹಿಡಿಸದು. ಆಗ 4 × 34 ಸೆಂ.ಮೀ.ಯ ಹಲಗೆಯ ಸೀಳುಕೊಳವೆಯನ್ನು ಸುಮಾರು 57 ಸೆಂ.ಮೀ. ಉದ್ದಕ್ಕೆ ಮಡಿಸಿ ಕಟ್ಟಬೇಕಾಗುತ್ತದೆ. ಹಲಗೆಯ ದಪ್ಪ ಸೇರಿ ಅದೊಂದೇ 11 ಲೀಟರ್ ಜಾಗ ತಿನ್ನುತ್ತದೆ. ಆದ್ದರಿಂದ ಅದರ ದರವನ್ನು ಬೇರೆಯಾಗಿಯೇ ಹೇಳತಕ್ಕದ್ದು.

ಸಾಮಗ್ರಿಯ ವೆಚ್ಚ

ಉದಾಹರಣೆಯ ಪೆಟ್ಟಿಗೆಗೆ ಸುಮಾರು 1.01 ಚದರ ಮೀಟರ್ ಹಲಗೆ ಬೇಕು. 8 × 4 ಅಡಿಯ ಒಂದು ಹಾಳೆಯಲ್ಲಿ 2.98 ಚದರ ಮೀಟರ್ ಇರುತ್ತದೆ. ಮೂರು ಪೆಟ್ಟಿಗೆಗಳಾಗುವಂತೆ ಕಂಡರೂ ಗರಗಸದ ಕಚ್ಚು ಸೇರಿ ಎರಡೇ ಆಗುತ್ತವೆ. ಆದ್ದರಿಂದ ದರ ನಿಗದಿಪಡಿಸುವಾಗ ಪ್ರತಿ ಪೆಟ್ಟಿಗೆಗೆ ಅರ್ಧ ಹಾಳೆಯ ಬೆಲೆಯನ್ನು ಹಿಡಿಯಬೇಕೇ ಹೊರತು ಮೂರನೆಯ ಒಂದು ಪಾಲನ್ನಲ್ಲ. ಉಳಿಕೆಯನ್ನು ಅಡ್ಡಪಟ್ಟಿಗಳಿಗೂ ಸಣ್ಣ ಪೆಟ್ಟಿಗೆಗಳಿಗೂ ಬಳಸಬಹುದು.

ಎಂ.ಡಿ.ಎಫ್. ಹಲಗೆ ಸಮನಾಗಿದ್ದು ಕೊಯ್ಯಲು ಸುಲಭ. ಈ ಪೆಟ್ಟಿಗೆ ಅದರಲ್ಲಿ ಸುಮಾರು 13 ಕಿಲೋ ತೂಗುತ್ತದೆ. ಆದರೆ ನೀರು ತಗುಲಿದರೆ ಉಬ್ಬುತ್ತದೆ. ಮಳೆಗೆ ತೆರೆದುಕೊಳ್ಳುವ ವಾಹನಗಳಿಗೆ ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್ಡೇ ಸರಿ. ಅಂಟು, ತಿರುಪುಗಳೆರಡನ್ನೂ ಬಳಸಿ, ಒಳಸಂದುಗಳಿಗೆ ಸೀಲೆಂಟ್ ತುಂಬಬೇಕು.

ಒಪ್ಪಿಸುವ ಮುನ್ನ ಪರೀಕ್ಷೆ

ಕೊಳವೆಯನ್ನು ಮೊದಲು 2 ಸೆಂ.ಮೀ. ಉದ್ದವಾಗಿಯೇ ಕೊಯ್ದುಕೊಂಡು, ಅಂಟಿಸದೆ ಜೋಡಿಸಿ. ಮೊಬೈಲಿನ ಸ್ವರೋತ್ಪಾದಕ ತಂತ್ರಾಂಶದಿಂದ 25ರಿಂದ 50 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದೊಂದಾಗಿ ಕಡಿಮೆ ಧ್ವನಿಯಲ್ಲಿ ನುಡಿಸಿ. ಕೋನು ಅತಿ ಕಡಿಮೆ ಚಲಿಸುವ ಮತ್ತು ಕೊಳವೆಯ ಬಾಯಲ್ಲಿ ಗಾಳಿ ಹೆಚ್ಚು ಬಡಿಯುವ ಸ್ವರವೇ ಪೆಟ್ಟಿಗೆಯ ನಿಜವಾದ ಹೊಂದಾಣಿಕೆ. ಅದು ಬೇಕಾದುದಕ್ಕಿಂತ ಕೆಳಗಿದ್ದರೆ ಕೊಳವೆಯನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತ ಬನ್ನಿ. ಸ್ವರ ನುಡಿಯುತ್ತಿರುವಾಗ ಸಂದುಗಳ ಬಳಿ ಊದಿನಕಡ್ಡಿ ಹಿಡಿದರೆ ಸೋರಿಕೆಯಿದ್ದಲ್ಲಿ ಹೊಗೆ ನಡುಗುತ್ತದೆ.

ಕಾನೂನಿನ ಎಚ್ಚರಿಕೆ

ಕಾರಿನೊಳಗಿನ ಸಂಗೀತ ಬೇರೆ, ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಊರಿಗೆಲ್ಲ ಕೇಳುವಂತೆ ಹಚ್ಚುವುದು ಬೇರೆ. ಮುಚ್ಚಿದ ಕಾರಿನಲ್ಲಿ ಆಳಸ್ವರಗಳು ತಾವಾಗಿಯೇ ಹೆಚ್ಚುತ್ತವೆ; ತೆರೆದ ಟ್ರ್ಯಾಕ್ಟರಿನಲ್ಲಿ ಆ ಅನುಕೂಲವಿಲ್ಲದ್ದರಿಂದ ಗ್ರಾಹಕರು ಧ್ವನಿಯನ್ನು ಏರಿಸುತ್ತಲೇ ಹೋಗುತ್ತಾರೆ. ಎರಡು ಟ್ರೇಲರ್ ಕಬ್ಬು ಎಳೆಯುವ ಚಾಲಕನಿಗೆ ಹಿಂದಿನ ವಾಹನದ ಹಾರ್ನ್ ಕೇಳದಿದ್ದರೆ ಅದು ಪ್ರಾಣಾಪಾಯದ ಮಾತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳದಲ್ಲಿ ಸಾಮಾನ್ಯವಾಗಿ ನಿಷೇಧವಿದೆ. ಇದನ್ನು ಗ್ರಾಹಕನಿಗೆ ಮೊದಲೇ ತಿಳಿಸುವುದು ವ್ಯಾಪಾರಿಯ ಕರ್ತವ್ಯ.

ಕೊನೆಯದಾಗಿ ಒಂದು ಸಲಹೆ. ಪ್ರತಿ ಪೆಟ್ಟಿಗೆಯ ಒಳಗೆ ನಿವ್ವಳ ಗಾತ್ರ, ಕೊಳವೆಯ ಉದ್ದ, ಪರೀಕ್ಷೆಯಲ್ಲಿ ಕಂಡ ಹೊಂದಾಣಿಕೆ, ಫಿಲ್ಟರಿನ ಅಂಕಿ ಇಷ್ಟನ್ನು ಬರೆದ ಚೀಟಿ ಅಂಟಿಸಿ, ಅದರ ಪ್ರತಿಯನ್ನು ಬಿಲ್ಲಿನೊಂದಿಗೆ ಕೊಡಿ. ನಾಳೆ ಸ್ಪೀಕರು ಸುಟ್ಟುಬಂದರೆ ದೋಷ ಪೆಟ್ಟಿಗೆಯದೋ ಬಳಕೆಯದೋ ಎಂಬುದನ್ನು ತೀರ್ಮಾನಿಸಲು ಅದು ಆಧಾರವಾಗುತ್ತದೆ. ಅದೇ ಅಳತೆಯ ಎರಡನೆಯ ಪೆಟ್ಟಿಗೆಗೆ ಬೇಡಿಕೆ ಬಂದಾಗ ಮರುಲೆಕ್ಕದ ಶ್ರಮವೂ ಉಳಿಯುತ್ತದೆ.